ನಲ್ಲಿಯಲ್ಲಿ ಬಂದ ತೀರ್ಪು

ಮೊನ್ನೆ ಮನೆಗೆ ಬಂದಿದ್ದ ಹಳೆಯ ಶಿಷ್ಯನೊಬ್ಬ, "ಕಾವೇರಿಯ ವಿಷಯದಲ್ಲಿ ದೆಹಲಿಯ ಕೋರ್ಟಿನ ಮಾತನ್ನು ನಾವೇಕೆ ಕೇಳಬೇಕು ಸಾರ್?" ಎಂದ. ಅವನಿಗೆ ಕುಡಿಯಲು ಕೊಟ್ಟದ್ದು ಜಯನಗರದ ನಮ್ಮ ನಲ್ಲಿಯ ಕಾವೇರಿ ನೀರನ್ನೇ. ಅಂದು ಪೂರ್ತಿ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ, ಅವನೂ ಓದಲಿ.

2007ರಲ್ಲಿ ನ್ಯಾಯಮಂಡಳಿಯು ಐತೀರ್ಪು ನೀಡಿದಾಗ, ಬೆಂಗಳೂರಿನ ಮೂರನೆಯ ಒಂದು ಭಾಗ ಮಾತ್ರ ಕಾವೇರಿ ಕಣಿವೆಯಲ್ಲಿದೆಯೆಂದು ಅಷ್ಟಕ್ಕೇ ಕುಡಿಯುವ ನೀರಿನ ಲೆಕ್ಕ ಹಾಕಿತ್ತು. ಅದರಲ್ಲೂ ಅರ್ಧವನ್ನು ಅಂತರ್ಜಲವೇ ಪೂರೈಸುತ್ತದೆಯೆಂದು ಭಾವಿಸಿತ್ತು! ಈ ಲೆಕ್ಕವನ್ನು ತಿದ್ದಿದ್ದು ನಮ್ಮ ಯಾವ ಮೆರವಣಿಗೆಯೂ ಅಲ್ಲ. 2018ರ ಫೆಬ್ರವರಿ 16ರಂದು ಸುಪ್ರೀಂ ಕೋರ್ಟು ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು, ಹೆಚ್ಚಿದ 14.75ರಲ್ಲಿ 4.75 ನಮ್ಮ ಊರಿನ ಬಾಯಾರಿಕೆಗೆಂದೇ. ಅಂತರರಾಜ್ಯ ನದಿಯು ಯಾವೊಂದು ರಾಜ್ಯದ ಸ್ವತ್ತೂ ಅಲ್ಲವೆಂದು ಹೇಳಿದ್ದೂ ಅದೇ ತೀರ್ಪು. ಒಂದನ್ನು ಕಣ್ಣಿಗೊತ್ತಿಕೊಂಡು ಇನ್ನೊಂದನ್ನು ಧಿಕ್ಕರಿಸುವುದು ಯಾವ ನ್ಯಾಯ?

1991ರಲ್ಲಿ ಹಾಗೆ ಧಿಕ್ಕರಿಸಿಯೂ ನೋಡಿದೆವು. 205 ಟಿಎಂಸಿ ಬಿಡಬೇಕೆಂಬ ಮಧ್ಯಂತರ ಆದೇಶಕ್ಕೆ ಪ್ರತಿಯಾಗಿ ನಮ್ಮ ಸರಕಾರ ಸುಗ್ರೀವಾಜ್ಞೆ ಹೊರಡಿಸಿತು. ಅದು ಸಂವಿಧಾನಬಾಹಿರವೆಂದು ಸುಪ್ರೀಂ ಕೋರ್ಟು ಅಭಿಪ್ರಾಯ ನೀಡಿತು. ಆಗ ನನಗೂ ಸಿಟ್ಟು ಬಂದಿತ್ತೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಕಬಿನಿ ಹುಟ್ಟುವುದು ಕೇರಳದ ವಯನಾಡಿನಲ್ಲಿ. ಮೇಲಿರುವವನ ಇಚ್ಛೆಯೇ ಕಾನೂನಾದರೆ, ನಾಳೆ ಕೇರಳವೂ ಅಂಥದೊಂದು ಸುಗ್ರೀವಾಜ್ಞೆಯನ್ನು ಓದಿ ಹೇಳಿದಾಗ ನಾವು ಯಾರ ಬಾಗಿಲು ತಟ್ಟಬೇಕು?

ಯೂರೋಪಿನವು ಸ್ವತಂತ್ರ ದೇಶಗಳು. ಆದರೂ 1964ರಲ್ಲಿ, ಇಟಲಿಯ ವಕೀಲರೊಬ್ಬರ ಚಿಲ್ಲರೆ ಕರೆಂಟು ಬಿಲ್ಲಿನ ವ್ಯಾಜ್ಯದಲ್ಲಿ, ಸಮುದಾಯದ ಕಾನೂನು ದೇಶದ ಕಾನೂನಿಗಿಂತ ಮೇಲೆಂದು ಲಕ್ಸೆಂಬರ್ಗಿನ ನ್ಯಾಯಾಲಯ ಸಾರಿತು. ಒಪ್ಪಂದದಲ್ಲಿ ಹಾಗೆಂದು ಸ್ಪಷ್ಟವಾಗಿ ಬರೆದೇ ಇರಲಿಲ್ಲ. ಅಲ್ಲಿಯೂ ಗೊಣಗಿದವರುಂಟು, ಆದರೆ ಆ ದೇಶಗಳು ಒಂದಕ್ಕೊಂದು ಹತ್ತಿರವಾದದ್ದು ಬಹುಮಟ್ಟಿಗೆ ಇಂಥ ತೀರ್ಪುಗಳ ಮೂಲಕವೇ.

ಹಾಗೆಂದು ಎಲ್ಲವನ್ನೂ ನ್ಯಾಯಾಧೀಶರ ಮೇಲೆ ಹೇರುವ ನಮ್ಮ ನಾಯಕರನ್ನು ನಾನು ಕ್ಷಮಿಸಲಾರೆ. 1990ರಲ್ಲಿ ಮಂಡಳಿ ರಚನೆಯಾಗಿ 2018ರಲ್ಲಿ ಅಂತಿಮ ತೀರ್ಪು ಬರುವವರೆಗೆ 28 ವರ್ಷ! ಅಷ್ಟು ಕಾಲವೂ ಇವರಿಗೆ ಕೋರ್ಟು ಒಳ್ಳೆಯ ನೆಪವಾಯಿತು: ನೀರು ಬಿಟ್ಟರೆ "ಕೋರ್ಟು ಬಿಡಿಸಿತು", ಬಿಡದಿದ್ದರೆ "ನಾವು ತಡೆದೆವು". 2023ರಲ್ಲಿ ಮಳೆ ಕೈಕೊಟ್ಟಾಗಲೂ ಎರಡೂ ರಾಜ್ಯಗಳು ಒಪ್ಪಿದ ಖಚಿತ ಸಂಕಷ್ಟ ಸೂತ್ರವೊಂದಿರಲಿಲ್ಲ. ಮತ್ತೆ ಕೋರ್ಟು, ಸೆಪ್ಟೆಂಬರಿನಲ್ಲಿ ಮತ್ತೆ ಬಂದ್. ಮಳೆ ಚೆನ್ನಾಗಿ ಬಂದ ವರ್ಷದಲ್ಲಿ ಎದುರುಬದುರು ಕುಳಿತು ಆ ಸೂತ್ರವನ್ನು ಬರೆಯಬೇಕಾದವರು ಇಬ್ಬರು ಮುಖ್ಯಮಂತ್ರಿಗಳು.

ಆದ್ದರಿಂದ, ಅಪ್ಪಾ, ನಿನ್ನ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೋ. ಮಳೆ ಬಂದ ವರ್ಷಗಳಲ್ಲಿ ಏನು ಮಾಡುತ್ತಿದ್ದಿರೆಂದು ನಿನ್ನ ಶಾಸಕರನ್ನು ಕೇಳಿ, ಅವರೇನೆಂದರೆಂದು ಬಂದು ನನಗೆ ಹೇಳು.