‘ಫೈಲ್ ಸಿಗ್ತಿಲ್ಲ’ ಅಂದ್ರೆ ಫೈಲ್ ಇಲ್ಲ ಅಂತಲ್ಲ: ಕಂಪ್ಯೂಟರ್ ಹುಡುಕಾಟ ಕೈಕೊಡೋದು ಎಲ್ಲಿ?

ತಾಲ್ಲೂಕು ಕಚೇರಿಗಳಲ್ಲಿ ‘ಸರ್ವರ್ ಡೌನ್’ ಎಂಬ ಮಾತಿನಷ್ಟೇ ಮಾಮೂಲಾಗಿರುವ ಇನ್ನೊಂದು ಉತ್ತರ ‘ಸರ್ಚ್ ಮಾಡಿದೆ, ಫೈಲ್ ಬರ್ತಿಲ್ಲ, ನಾಳೆ ಬನ್ನಿ’. ಹಳ್ಳಿಯಿಂದ ಬಸ್ ಹಿಡಿದು ಬಂದವರಿಗೆ ಅಲ್ಲಿಗೆ ಒಂದು ದಿನದ ಕೂಲಿ ಹೋಯ್ತು ಅಂತಲೇ ಅರ್ಥ. ಅಂಗಡಿಗಳಲ್ಲೂ ಇದೇ ಗೋಳು, ಹಳೇ ಬಿಲ್ ಬೇಕಾದಾಗಲೇ ಸಿಗೋದಿಲ್ಲ. ಆದರೆ ಎಷ್ಟೋ ಸಲ ಫೈಲ್ ಕಳೆದಿರುವುದಿಲ್ಲ. ಅದು ಇರುವ ಜಾಗದಲ್ಲಿ ಕಂಪ್ಯೂಟರ್ ಹುಡುಕಿರುವುದೇ ಇಲ್ಲ.

ಹುಡುಕೋದು ಎಲ್ಲಿ?

ಸ್ಟಾರ್ಟ್ ಮೆನುವಿನಲ್ಲಿ ಹೆಸರು ಹೊಡೆದಾಗ ವಿಂಡೋಸ್ ಇಡೀ ಡಿಸ್ಕ್ ಜಾಲಾಡುವುದಿಲ್ಲ. ಮೊದಲೇ ಮಾಡಿಟ್ಟುಕೊಂಡ ‘ಇಂಡೆಕ್ಸ್’ ಎಂಬ ಪಟ್ಟಿ ನೋಡುತ್ತದೆ, ಅಷ್ಟೆ. ವಿಂಡೋಸ್ 10 ಮತ್ತು 11ರ ‘ಕ್ಲಾಸಿಕ್’ ವ್ಯವಸ್ಥೆಯಲ್ಲಿ ಈ ಪಟ್ಟಿಗೆ ಸೇರುವುದು ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್‌ನಂಥ ಕೆಲವೇ ಜಾಗಗಳು. ‘ಡಿ’ ಡ್ರೈವ್‌ನಲ್ಲಿ ಇಟ್ಟ ದಾಖಲೆ ಅದರ ಲೆಕ್ಕಕ್ಕೇ ಇಲ್ಲ.

ಹೆಸರಿನ ಗೊಂದಲ

ಎರಡನೇ ತೊಡಕು ನಾವೇ ಮಾಡಿಕೊಂಡದ್ದು. ಫೈಲ್ ಹೆಸರಿನಲ್ಲಿ ಓರೆಗೆರೆ ಹಾಕಲು ವಿಂಡೋಸ್ ಬಿಡುವುದಿಲ್ಲ. ಹಾಗಾಗಿ ಸರ್ವೆ ನಂಬರ್ 45/2 ಅನ್ನು ಒಬ್ಬರು 45-2 ಅಂತ, ಇನ್ನೊಬ್ಬರು 45_2 ಅಂತ ಉಳಿಸುತ್ತಾರೆ. ಇಂಗ್ಲಿಷಿನಲ್ಲಿ ‘ಲಕ್ಷ್ಮಿ’ ಬರೆಯುವಾಗ ಒಬ್ಬರು ಎಕ್ಸ್ ಹಾಕಿದರೆ ಮತ್ತೊಬ್ಬರು ಕೆಎಸ್‌ಎಚ್ ಹಾಕುತ್ತಾರೆ. ಹಳೇ ನುಡಿ, ಬರಹ ಫಾಂಟ್‌ಗಳ ಅಕ್ಷರವೇ ಬೇರೆ, ಯೂನಿಕೋಡ್ ಕನ್ನಡವೇ ಬೇರೆ. ಒಂದರಲ್ಲಿ ಟೈಪ್ ಮಾಡಿದ್ದು ಇನ್ನೊಂದರಲ್ಲಿ ಹುಡುಕಿದರೆ ಸಿಗದು. ಸ್ಕ್ಯಾನರ್ ಕೊಟ್ಟ ‘ಸ್ಕ್ಯಾನ್ 0001’ ಹೆಸರನ್ನು ಹಾಗೇ ಬಿಟ್ಟರಂತೂ ದೇವರೇ ಗತಿ.

ಏನು ಮಾಡಬೇಕು?

ಮೊದಲು ‘ಡಿ’ ಡ್ರೈವ್ ತೆರೆದು, ಅಲ್ಲಿನ ಮೇಲ್ಭಾಗದ ಸರ್ಚ್ ಪೆಟ್ಟಿಗೆಯಲ್ಲೇ ಹುಡುಕಬೇಕು. ತಡವಾದರೂ ಅದು ಒಳಗಿನ ಫೋಲ್ಡರ್‌ಗಳನ್ನೆಲ್ಲ ನೋಡುತ್ತದೆ. ಹೆಸರಿನ ನಡುವಿನ ತುಣುಕು ಮಾತ್ರ ನೆನಪಿದ್ದರೆ ಅದರ ಹಿಂದೆ ಮುಂದೆ ನಕ್ಷತ್ರದ ಗುರುತು (*) ಹಾಕಿ ನೋಡಬಹುದು. ಶಾಶ್ವತ ಪರಿಹಾರ ಬೇಕೆಂದರೆ ಕಂಟ್ರೋಲ್ ಪ್ಯಾನೆಲ್‌ನ ‘ಇಂಡೆಕ್ಸಿಂಗ್ ಆಪ್ಷನ್ಸ್’ಗೆ ಹೋಗಿ ದಾಖಲೆಗಳ ಫೋಲ್ಡರ್ ಸೇರಿಸಬೇಕು. ಆಗಲೂ ಬರದಿದ್ದರೆ ಅಲ್ಲೇ ‘ಅಡ್ವಾನ್ಸ್ಡ್’ನಲ್ಲಿ ‘ರೀಬಿಲ್ಡ್’ ಒತ್ತಬೇಕು. ಪಟ್ಟಿ ಹೊಸದಾಗಿ ಕಟ್ಟಲು ಗಂಟೆಗಟ್ಟಲೆ ಹಿಡಿಯಬಹುದು, ಸಂಜೆ ಬಾಗಿಲು ಹಾಕುವ ಮುನ್ನ ಶುರು ಮಾಡಿ ಕಂಪ್ಯೂಟರ್ ಆನ್ ಇಟ್ಟು ಹೋಗುವುದು ವಾಸಿ. ‘ಎವೆರಿಥಿಂಗ್’ ಎಂಬ ಉಚಿತ ತಂತ್ರಾಂಶವೂ ಇದೆ, ಫೈಲ್ ಹೆಸರನ್ನು ಕ್ಷಣದಲ್ಲಿ ತೋರಿಸುತ್ತದೆ.

ಹೆಸರಿಡುವ ಪದ್ಧತಿ ಮಾತ್ರ ಎಲ್ಲರದೂ ಒಂದೇ ಇರಬೇಕು: ಮೊದಲು ವರ್ಷ, ಆಮೇಲೆ ಊರು, ಆಮೇಲೆ ನಂಬರ್. ಇದನ್ನು ಒಂದು ಹಾಳೆಯಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿದರೆ ಸಾಕು.

ಕಾನೂನು ಏನನ್ನುತ್ತೆ?

ದಾಖಲೆಗಳನ್ನು ಪಟ್ಟಿ ಮಾಡಿ, ಸೂಚಿಯೊಂದಿಗೆ ಇಡಬೇಕೆಂದು 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಸೆಕ್ಷನ್ ಸರ್ಕಾರಿ ಕಚೇರಿಗಳಿಗೆ ಹೇಳುತ್ತದೆ. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿಗಳು ವಾರ್ಷಿಕ ರಿಟರ್ನ್ಸ್‌ನ ಕೊನೇ ದಿನಾಂಕದಿಂದ 72 ತಿಂಗಳು ಲೆಕ್ಕಪತ್ರ ಉಳಿಸಿಕೊಳ್ಳಬೇಕು. ನೋಟಿಸ್ ಬಂದ ದಿನ ‘ಸರ್ಚ್‌ನಲ್ಲಿ ಬರ್ತಿಲ್ಲ ಸಾರ್’ ಅಂದರೆ ನಡೆಯೋದಿಲ್ಲ. ಕೌಂಟರ್‌ನ ಈಚೆ ನಿಂತ ಜನರಿಗೂ ಆ ಉತ್ತರ ಸಾಲದು. ‘ಡಿ ಡ್ರೈವ್‌ನಲ್ಲೂ ಒಮ್ಮೆ ನೋಡ್ತೀರಾ?’ ಎಂದು ಅವರು ಧಾರಾಳವಾಗಿ ಕೇಳಬಹುದು.