ಅಟ್ಟದಿಂದ ಇಳಿದ ಕಂಪ್ಯೂಟರ್

ಮಕ್ಕಳೇ, ಹಬ್ಬ ಹತ್ತಿರ ಬಂತೆಂದರೆ ನಿಮ್ಮ ಮನೆಯಲ್ಲೂ ಅಟ್ಟ ಗುಡಿಸುವ ಕೆಲಸ ಇರುತ್ತದಲ್ಲವೇ? ಹೋದ ವಾರ ನಮ್ಮ ಅಟ್ಟದಿಂದ ಹಿತ್ತಾಳೆ ಕೊಳಗ, ಕಾಲು ಮುರಿದ ತೊಟ್ಟಿಲು, ಅವುಗಳ ಹಿಂದೆ ಹಳೇ ಪಂಚೆ ಸುತ್ತಿಟ್ಟಿದ್ದ ಕಂಪ್ಯೂಟರ್ ಇಳಿದವು. "ಗುಜರಿಯವರಿಗೆ ಕೊಟ್ಟುಬಿಡೋಣ ಮಾವ" ಎಂದಳು ಸೊಸೆ. "ಬೇಡ ತಾತ, ಇದು ಪುರಾತನ ವಸ್ತು!" ಎಂದಳು ಆರನೇ ಕ್ಲಾಸಿನ ಮೊಮ್ಮಗಳು. ನಾನು ಅದನ್ನು ಕೊಂಡದ್ದು 2001ರಲ್ಲಿ. ನನಗೆ ಮೊನ್ನೆ ಮೊನ್ನೆಯದು, ಅವಳಿಗೆ ವಿಜಯನಗರದ ಕಾಲದ್ದು!

ಹಳೆಯದು ಎಂದರೆ ಎಷ್ಟು ಹಳೆಯದು? ಯಾವುದನ್ನು ಉಳಿಸಬೇಕು? ಉಳಿಸುವುದು ಬರೀ ನೋಡಲಿಕ್ಕೋ, ಓಡಿಸಲಿಕ್ಕೋ? ಈ ವಾದ ನಮ್ಮ ಮನೆಯದಷ್ಟೇ ಅಲ್ಲ. ಹಳೆಯ ಕಂಪ್ಯೂಟರುಗಳನ್ನು ಕಾಪಾಡಲೆಂದೇ ಬ್ರಿಟನ್ನಿನಲ್ಲಿ 1989ರಲ್ಲಿ 'ಕಂಪ್ಯೂಟರ್ ಕನ್ಸರ್ವೇಶನ್ ಸೊಸೈಟಿ' ಎಂಬ ಸಂಘ ಹುಟ್ಟಿತು. ಎಲ್ಲವನ್ನೂ ಇಟ್ಟುಕೊಳ್ಳೋಣವೆಂದರೆ ಜಾಗವೆಲ್ಲಿ? ಆಗಿನ ಒಂದೊಂದು ಯಂತ್ರವೂ ಒಂದೊಂದು ಕೋಣೆಯಷ್ಟು ದೊಡ್ಡದು. ಗಾಜಿನ ಪೆಟ್ಟಿಗೆಯಲ್ಲಿಟ್ಟು ಕೈಮುಗಿಯುವುದಕ್ಕಿಂತ, ಆದಷ್ಟನ್ನು ಮತ್ತೆ ಓಡುವಂತೆ ಮಾಡುವುದು ಈ ಸಂಘದವರಿಗೆ ಇಷ್ಟ.

ಅಂಥ ಒಂದು ಯಂತ್ರದ ಕಥೆ ಕೇಳಿ. ಇಂಗ್ಲೆಂಡಿನ ಹಾರ್ವೆಲ್ ಅಣು ಸಂಶೋಧನಾ ಕೇಂದ್ರದಲ್ಲಿ 1951ರಲ್ಲಿ ಕೆಲಸಕ್ಕೆ ನಿಂತ ಅದರ ತೂಕ ಎರಡೂವರೆ ಟನ್. ಒಳಗೆ 828 ಡೆಕಟ್ರಾನ್ ಎಂಬ ಗಾಜಿನ ಕೊಳವೆಗಳು. ಪ್ರತಿ ಕೊಳವೆಯಲ್ಲೂ ಹೊಳೆಯುವ ಒಂದು ಚುಕ್ಕಿ ಚೌಕಾಬಾರದ ಕಾಯಿಯಂತೆ ಹತ್ತು ಮನೆಗಳಲ್ಲಿ ಸುತ್ತುತ್ತದೆ. ಹತ್ತು ತುಂಬಿದರೆ ಪಕ್ಕದ ಕೊಳವೆಗೆ ಒಂದು ದಶಕ. ಲೆಕ್ಕ ನಡೆಯುವುದನ್ನು ಕಣ್ಣಾರೆ ನೋಡಬಹುದು!

ಆದರೆ ಮಹಾ ನಿಧಾನ. ಒಂದು ಗುಣಾಕಾರಕ್ಕೆ 5ರಿಂದ 10 ಸೆಕೆಂಡು. ಒಮ್ಮೆ ಗಣಿತದವರೊಬ್ಬರು ಮೇಜಿನ ಮೇಲಿನ ಲೆಕ್ಕದ ಯಂತ್ರ ಹಿಡಿದು ಅದರ ಜೊತೆ ಪಂದ್ಯಕ್ಕೆ ಕೂತರು. ಅರ್ಧ ಗಂಟೆ ಸರಿಸಮ. ಆಮೇಲೆ ಅವರು ಸುಸ್ತಾಗಿ ಎದ್ದರು, ಅದು ತನ್ನ ಪಾಡಿಗೆ ನಡೆಯುತ್ತಲೇ ಇತ್ತು.

1957ರಲ್ಲಿ ಅದರ ಅಗತ್ಯ ಮುಗಿಯಿತು. ಗುಜರಿಗೆ ಹಾಕಲಿಲ್ಲ, ಯಾವ ಕಾಲೇಜು ಇದಕ್ಕೆ ಒಳ್ಳೆಯ ಉಪಯೋಗ ಹೇಳುತ್ತದೋ ಅದಕ್ಕೇ ಕೊಡುತ್ತೇವೆ ಎಂದು ಸ್ಪರ್ಧೆ ಇಟ್ಟರು. ವುಲ್ವರ್‌ಹ್ಯಾಂಪ್ಟನ್ನಿನ ಕಾಲೇಜು ಗೆದ್ದಿತು. ಅಲ್ಲಿ ಅದಕ್ಕೆ 'ವಿಚ್', ಅಂದರೆ ಮಾಟಗಾತಿ, ಎಂಬ ಅಡ್ಡಹೆಸರು. 1973ರವರೆಗೂ ಮಕ್ಕಳಿಗೆ ಪಾಠ ಹೇಳಿತು. ಆಮೇಲೆ ಬರ್ಮಿಂಗ್‌ಹ್ಯಾಮಿನ ಮ್ಯೂಸಿಯಂ. ಅದೂ ಮುಚ್ಚಿದ ಮೇಲೆ ಯಂತ್ರ ಗೋದಾಮಿನ ಕತ್ತಲೆ ಸೇರಿತು. ಆ ಮ್ಯೂಸಿಯಮ್ಮಿನಲ್ಲಿ ಹುಡುಗನಾಗಿದ್ದಾಗ ಅದನ್ನು ನೋಡಿ ಮರುಳಾಗಿದ್ದ ಒಬ್ಬರು, ಎಷ್ಟೋ ವರ್ಷಗಳ ಮೇಲೆ ಗೋದಾಮಿನ ಒಂದು ಫೋಟೋದಲ್ಲಿ ಅದರ ಗುಂಡಿಗಳ ಫಲಕವನ್ನು ಗುರುತು ಹಿಡಿದರು! ಬ್ಲೆಚ್ಲಿ ಪಾರ್ಕಿಗೆ ತಂದು ಮೂರು ವರ್ಷ ದುರಸ್ತಿ ಮಾಡಿ 2012ರ ನವೆಂಬರಿನಲ್ಲಿ ಚಾಲೂ ಮಾಡಿದಾಗ, ಅದನ್ನು ಕಟ್ಟಿದವರಲ್ಲಿ ಇಬ್ಬರು ಎದುರಿಗೇ ಇದ್ದರು.

ವೇಗದ್ದನ್ನೇ ಇಡುತ್ತೇವೆ ಎಂದಿದ್ದರೆ ಈ ಮಾಟಗಾತಿ ಎಂದೋ ಕರಗಿ ಕಬ್ಬಿಣವಾಗಿರುತ್ತಿದ್ದಳು. ಇಷ್ಟು ವರ್ಷ ಆಗಿದ್ದರೆ ಮಾತ್ರ ಹಳೆಯದು ಎಂಬ ಲೆಕ್ಕವೂ ನನಗೆ ಒಪ್ಪಿಗೆಯಿಲ್ಲ. ಅದನ್ನು ಬಲ್ಲವರು ಒಬ್ಬರಿರಬೇಕು, ಕಲಿಯುವವರು ಒಬ್ಬರಿರಬೇಕು. ಭಾಗ ಬದಲಾಯಿಸಿದರೆ ಅದೇ ಯಂತ್ರ ಹೇಗಾದೀತು ಎಂದು ಕೇಳುವವರೂ ಇದ್ದಾರೆ. ನಮ್ಮಮ್ಮನ ತಂಬೂರಿಗೆ ಎಷ್ಟು ಸಲ ತಂತಿ ಹಾಕಿಸಿದ್ದೇವೋ! ಈಗಲೂ ಅದು ಅಮ್ಮನ ತಂಬೂರಿಯೇ.

ಅಜ್ಜ ಅಜ್ಜಿಯರೇ, ನಮ್ಮ ದೇಶದಲ್ಲೂ 1984ರಲ್ಲಿ ಕೇಂದ್ರ ಸರ್ಕಾರ ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಡಿಸಿತ್ತು. ಅದರ ನೆನಪಿನ ಶಕ್ತಿ 32 ಕಿಲೋಬೈಟ್. ಈಗಿನ ಮೊಬೈಲಿನ ಒಂದು ಫೋಟೋ ಅದರಲ್ಲಿ ಹಿಡಿಸದು. ಹಾಡು ಕೇಳುವ ಕ್ಯಾಸೆಟ್ಟಿನಿಂದಲೇ ಅದಕ್ಕೆ ಪ್ರೋಗ್ರಾಂ ತುಂಬಬಹುದಿತ್ತು. ನಿಮ್ಮಲ್ಲಿ ಯಾರಾದರೂ ಅದರ ಮುಂದೆ ಕೂತಿದ್ದರೆ ಮೊಮ್ಮಕ್ಕಳಿಗೆ ಇವತ್ತೇ ಹೇಳಿ.

ನಮ್ಮನೆಯ ತೀರ್ಮಾನ ಹೀಗಾಯಿತು: ಕೆಟ್ಟ ಮಾನಿಟರ್ ಇ-ತ್ಯಾಜ್ಯದವರಿಗೆ. (ಅಂಥದ್ದನ್ನು ನೀವು ಬಿಚ್ಚಲೇಬೇಡಿ ಮಕ್ಕಳೇ, ಪ್ಲಗ್ ಕಿತ್ತ ಮೇಲೂ ಒಳಗೆ ಅಪಾಯದ ವಿದ್ಯುತ್ ಉಳಿದಿರಬಹುದು.) ಉಳಿದದ್ದು ಮೊಮ್ಮಗಳ ಮೇಜಿಗೆ. ಅವಳು ಒಂದು ನೋಟ್‌ಬುಕ್ ಮಾಡಿಕೊಂಡಿದ್ದಾಳೆ. ಮೊದಲ ಪುಟದ ಪ್ರಶ್ನೆ: "ತಾತ, ಸ್ವಿಚ್ ಹಾಕಿದ ತಕ್ಷಣ ಯಾವ ಸದ್ದು ಬರುತ್ತಿತ್ತು?" ನಾನು ಎರಡು ದಿನದಿಂದ ಬಾಯಲ್ಲಿ ಆ ಸದ್ದು ಮಾಡಿ ನೋಡುತ್ತಿದ್ದೇನೆ, ಸರಿಯಾಗಿ ಬರುತ್ತಿಲ್ಲ.