ಅಂತರ್ಜಲಕ್ಕೆ ಇಳಿದ ಎಣ್ಣೆ

ಕುಷ್ಟಗಿ ತಾಲೂಕಿನ ಹಿರಿಯ ಭಕ್ತರೊಬ್ಬರು ಕಳೆದ ಅಮಾವಾಸ್ಯೆಯಂದು ಒಂದು ಬಾಟಲಿ ನೀರನ್ನು ತಂದು ನಮ್ಮ ಮುಂದಿರಿಸಿದರು. ನೋಡಲು ತಿಳಿಯಾಗಿತ್ತು; ಮುಚ್ಚಳ ತೆಗೆದೊಡನೆ ಸೀಮೆಎಣ್ಣೆಯಂತಹ ವಾಸನೆ ಮೂಗಿಗೆ ಬಡಿಯಿತು. ಅವರ ಹೊಲದ ಕೊಳವೆಬಾವಿಯ ನೀರದು. ಹೊಲದಾಚೆ ಹೆದ್ದಾರಿ, ಅದರ ಮಗ್ಗುಲಲ್ಲಿ ಪೆಟ್ರೋಲ್ ಬಂಕು. ದೋಷವನ್ನು ಮೊದಲು ಗುರುತಿಸಿದವರು ಮನೆಯ ಸೊಸೆ, ನಸುಕಿನಲ್ಲಿ ಲಿಂಗಪೂಜೆಗೆ ತಂಬಿಗೆ ತುಂಬುವಾಗ. ಮೋಟಾರಿನ ಎಣ್ಣೆಯಿದ್ದೀತೆಂದು ಹಿರಿಯರು ಮೂರು ವಾರ ನೀರನ್ನು ಹೊರಬಿಟ್ಟರು. ವಾಸನೆ ಹೋಗಲಿಲ್ಲ. "ಶಾಸ್ತ್ರಿಗಳ, ಕುದಿಸಿ ಕುಡದ್ರ ಆಗೂದಿಲ್ಲೇನ್ರಿ? ದನಕ್ಕಾದ್ರೂ ಕುಡಸಬಹುದಲ್ರಿ?" ಎಂದು ಅವರು ಕೇಳಿದರು. ಎರಡೂ ಬೇಡವೆಂದೆವು. ಅದರ ಕಾರಣವನ್ನು ಎಲ್ಲ ಓದುಗರಿಗೂ ತಿಳಿಸುವುದು ಲೇಸೆಂದು ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಬಂಕಿನ ಎಣ್ಣೆಯು ನೆಲದೊಳಗಿನ ಉಕ್ಕಿನ ತೊಟ್ಟಿಗಳಲ್ಲಿರುತ್ತದೆ. ತೊಟ್ಟಿಗೆ ತುಕ್ಕು ಹಿಡಿದರೆ, ಕೊಳವೆಯ ಬೆಸುಗೆ ಬಿಟ್ಟರೆ ಎಣ್ಣೆಯು ಸದ್ದಿಲ್ಲದೆ ಮಣ್ಣಿಗಿಳಿಯುತ್ತದೆ. ಪೆಟ್ರೋಲು ನೀರಿಗಿಂತ ಹಗುರವಾದುದರಿಂದ ಬಹುಭಾಗ ಅಂತರ್ಜಲದ ಮೇಲೆ ತೇಲುತ್ತದೆ. ಆದರೆ ಅದರಲ್ಲಿರುವ ಬೆಂಜೀನ್ ಎಂಬ ದ್ರವ್ಯವು ನೀರಿನಲ್ಲಿ ಕರಗಿ ನೀರಿನೊಡನೆಯೇ ಸಾಗುತ್ತದೆ. ಇದು ರಕ್ತದ ಕ್ಯಾನ್ಸರಿಗೆ ಕಾರಣವಾಗುವ ವಸ್ತು. ಕುಡಿಯುವ ನೀರಿನ ಲೀಟರೊಂದರಲ್ಲಿ 0.01 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ನಮ್ಮ ದೇಶದ ಇಂದಿನ ಪೆಟ್ರೋಲಿನಲ್ಲಿ ನೂರಕ್ಕೆ ಒಂದು ಪಾಲಿನವರೆಗೆ ಬೆಂಜೀನ್ ಇರಬಹುದು. ಲೆಕ್ಕ ಹಾಕಿ ನೋಡಿದರೆ ಒಂದೇ ಲೀಟರ್ ಪೆಟ್ರೋಲು ಎಂಟು ಲಕ್ಷ ಲೀಟರಿಗೂ ಹೆಚ್ಚು ನೀರನ್ನು ಆ ಮಿತಿಗೆ ಮುಟ್ಟಿಸಬಲ್ಲುದು! ಇನ್ನೊಂದು ಮಾತು: ಇಷ್ಟು ಅಲ್ಪ ಪ್ರಮಾಣದ ಬೆಂಜೀನನ್ನು ಮೂಗು ಹಿಡಿಯಲಾರದು. ವಾಸನೆ ನಿಂತ ಮಾತ್ರಕ್ಕೆ ನೀರು ಶುದ್ಧವಾಯಿತೆಂದು ತಿಳಿಯುವಂತಿಲ್ಲ.

ಕುದಿಸಿದರೆ ಬೆಂಜೀನ್ ಆವಿಯಾಗಿ ಏಳುತ್ತದೆ ನಿಜ. ಆ ಆವಿಯನ್ನು ಉಸಿರಾಡುವವರು ಒಲೆಯ ಮುಂದಿನ ತಾಯಂದಿರು. ನಮ್ಮ ಯಲಬುರ್ಗಾ, ಕುಷ್ಟಗಿ ಭಾಗದ ನೀರಿಗೆ ಮೊದಲೇ ಫ್ಲೋರೈಡಿನ ಬಾಧೆಯಿದೆ. ಕುದಿಸಿದಷ್ಟೂ ನೀರು ತಗ್ಗಿ ಫ್ಲೋರೈಡು ಸಾಂದ್ರವಾಗುತ್ತದೆ. ಊರೂರಿನ ಶುದ್ಧ ನೀರಿನ ಘಟಕಗಳು ಫ್ಲೋರೈಡನ್ನು ತಡೆಯಲೆಂದು ನಿಂತವು. ಬೆಂಜೀನಿಗೆ ಅವನ್ನು ನಂಬಿ ಕೂಡುವಂತಿಲ್ಲ.

ಗಂಗಾವತಿಯ ಕಾಲುವೆ ಪ್ರದೇಶದಲ್ಲಿ ಅಂತರ್ಜಲ ಮೇಲೆಯೇ ಇರುವುದರಿಂದ ಸೋರಿದ ಎಣ್ಣೆ ಬೇಗ ನೀರಿಗೆ ತಾಗುತ್ತದೆ, ಆದರೆ ಬೇಗ ಕಣ್ಣಿಗೂ ಬೀಳುತ್ತದೆ. ಕೊಪ್ಪಳ, ಕುಷ್ಟಗಿ, ಯಲಬುರ್ಗಾಗಳ ಒಣಭೂಮಿಯದು ಬೇರೆ ಪರಿ. ಇಲ್ಲಿ ನೀರಿರುವುದು ಕಗ್ಗಲ್ಲಿನ ಬಿರುಕುಗಳಲ್ಲಿ. ಬಿರುಕು ಯಾವ ದಿಕ್ಕಿಗೆ ಹರಿದಿದೆಯೆಂಬುದು ಮೇಲಿನವರಿಗೆ ತಿಳಿಯದು. ಬಂಕಿನ ಮಗ್ಗುಲ ಬಾವಿ ಚೊಕ್ಕಟವಾಗಿದ್ದು, ದೂರದ ಬಾವಿ ಕೆಡುವುದುಂಟು.

2019ರಲ್ಲಿ ಕೊಪ್ಪಳ ಗವಿಮಠದ ಪೂಜ್ಯ ಅಭಿನವ ಗವಿಸಿದ್ಧೇಶ್ವರ ಮಹಾಸ್ವಾಮಿಗಳ ನೇತೃತ್ವದಲ್ಲಿ ಹಿರೇಹಳ್ಳವು ಇಪ್ಪತ್ತು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ಶುದ್ಧಿಯಾದುದನ್ನು ನಾವೆಲ್ಲ ಕಂಡಿದ್ದೇವೆ. ಅಲ್ಲಿ ಹೂಳು, ಮುಳ್ಳುಕಂಟಿ ಕಣ್ಣೆದುರಿಗಿದ್ದವು; ಭಕ್ತರ ಕೈಗಳಿಗೆ ಕೆಲಸವಿತ್ತು. ಅಂತರ್ಜಲದ ಶುದ್ಧಿಗೆ ಭಕ್ತಿಯೂ ಸಲಿಕೆಯೂ ಸಾಲವು. ಮೊದಲು ಸೋರುವ ತೊಟ್ಟಿಯನ್ನು ಬರಿದುಮಾಡಿ ತೆಗೆಯಬೇಕು, ಎಣ್ಣೆ ಕುಡಿದ ಮಣ್ಣನ್ನು ಅಗೆದು ಸಾಗಿಸಬೇಕು. ಸುತ್ತಲೂ ಪರೀಕ್ಷಾ ಬಾವಿಗಳನ್ನು ಕೊರೆದು, ತೇಲುವ ಎಣ್ಣೆಯನ್ನು ಎತ್ತಿ, ಕೆಟ್ಟ ನೀರನ್ನು ಇದ್ದಲಿಯ ಸೋಸುಗದಲ್ಲಿ ಹಾಯಿಸಬೇಕು. ಮಣ್ಣಿನಲ್ಲುಳಿದ ಆವಿಯನ್ನು ಯಂತ್ರದಿಂದ ಹೀರಬೇಕು. ಉಳಿದುದನ್ನು ಮಣ್ಣಿನ ಸೂಕ್ಷ್ಮಜೀವಿಗಳು ಮೆಲ್ಲಗೆ ತಿಂದು ತೀರಿಸುತ್ತವೆ. ಎಷ್ಟು ಮೆಲ್ಲಗೆ? ಅಮೆರಿಕದ ಮಿನೆಸೋಟಾ ಸಂಸ್ಥಾನದ ಬೆಮಿಜಿ ಎಂಬಲ್ಲಿ 1979ರಲ್ಲಿ ಕಚ್ಚಾ ಎಣ್ಣೆಯ ಕೊಳವೆ ಒಡೆದು ಸುಮಾರು 17 ಲಕ್ಷ ಲೀಟರ್ ಚೆಲ್ಲಿತು. 1983ರಿಂದ ವಿಜ್ಞಾನಿಗಳು ಅಲ್ಲಿ ಬೀಡುಬಿಟ್ಟು ಅಳೆದರು. ಸೂಕ್ಷ್ಮಜೀವಿಗಳು ಬೆಂಜೀನಿನ ಹರಿವನ್ನು ಬಹುಮಟ್ಟಿಗೆ ತಡೆದು ನಿಲ್ಲಿಸಿದುದು ನಿಜವಾದರೂ ನಾಲ್ಕು ದಶಕಗಳ ಮೇಲೂ ಎಣ್ಣೆ ನೆಲದಲ್ಲಿ ಉಳಿದೇ ಇತ್ತು. ಅದು ಮರಳು ನೆಲ, ನಮ್ಮದು ಕಲ್ಲು.

ಖರ್ಚು ಯಾರದು? 1996ರಲ್ಲಿ ರಾಜಸ್ಥಾನದ ಬಿಛ್ರಿ ಗ್ರಾಮದ ಬಾವಿಗಳನ್ನು ಕಾರ್ಖಾನೆಗಳು ಕೆಡಿಸಿದ ಪ್ರಕರಣದಲ್ಲಿ, ಕೆಡಿಸಿದವನೇ ಶುದ್ಧಿಯ ವೆಚ್ಚ ತೆರಬೇಕೆಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. 2020ರ ಜನವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಹೊಸ ಬಂಕುಗಳು ಶಾಲೆ, ಆಸ್ಪತ್ರೆ, ವಸತಿಗಳಿಂದ ಸಾಮಾನ್ಯವಾಗಿ 50 ಮೀಟರ್ ದೂರವಿರಬೇಕೆಂದು ಮಾರ್ಗಸೂಚಿ ಹೊರಡಿಸಿತು. ಕೊಳವೆಬಾವಿಗಳ ಬಿರುಕಿಗೆ ಐವತ್ತು ಮೀಟರ್ ಯಾವ ಲೆಕ್ಕ ಎಂಬುದು ನಮ್ಮ ಸಂದೇಹ.

ಆ ಭಕ್ತರ ಬಾವಿಯನ್ನು ಕೆಡಿಸಿದುದು ಬಂಕೇ ಎಂದು ನಾವು ಹೇಳಲಾರೆವು. ಬತ್ತಿದ ಕೊಳವೆಬಾವಿಗೆ ಗ್ಯಾರೇಜಿನ ಹಳೆ ಎಣ್ಣೆ ಸುರಿಯುವ ಪುಣ್ಯಾತ್ಮರೂ ನಮ್ಮಲ್ಲಿದ್ದಾರೆ. ಬತ್ತಿದ ಬಾವಿಯನ್ನು ಬಾಯಿ ತೆರೆದು ಬಿಡುವುದೆಂದರೆ ಪಾತಾಳಕ್ಕೆ ನೇರ ದಾರಿ ತೆರೆದಿಟ್ಟಂತೆ. ಬಂಕಿನಲ್ಲಿ ದಿನವೂ ಕಡ್ಡಿ ಅದ್ದಿ ಅಳೆದು ದಾಸ್ತಾನು ಬರೆದಿಡುವ ಪುಸ್ತಕವಿರುತ್ತದೆ. ಬಂದ ಎಣ್ಣೆಗೂ ಮಾರಿದ ಎಣ್ಣೆಗೂ ತಾಳೆಯಾಗದಿದ್ದರೆ ಸೋರಿಕೆ ಅಲ್ಲಿಯೇ ತಿಳಿದುಬರುತ್ತದೆ. ಅದನ್ನು ನೋಡುವ ಅಧಿಕಾರ ನಮಗಿಲ್ಲ, ಸರ್ಕಾರಕ್ಕಿದೆ. ಆದ್ದರಿಂದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೂ ಜಿಲ್ಲಾಧಿಕಾರಿಗಳಿಗೂ ಅರ್ಜಿ ಬರೆದುಕೊಟ್ಟೆವು. ನೀರಿನ ಮಾದರಿಯನ್ನು ಗಾಜಿನ ಬಾಟಲಿಯಲ್ಲಿ ಗಾಳಿಯಿಲ್ಲದಂತೆ ಕಂಠಪೂರ್ತಿ ತುಂಬಿ, ತಂಪಿನಲ್ಲಿಟ್ಟು ಒಯ್ಯಬೇಕೆಂದೂ ಹೇಳಿದೆವು. ಹಿರಿಯರು ತಂದದ್ದು ಅರ್ಧ ತುಂಬಿದ ಪ್ಲಾಸ್ಟಿಕ್ ಬಾಟಲಿ.

ಪರೀಕ್ಷೆಯ ವರದಿ ಇನ್ನೂ ಬಂದಿಲ್ಲ. ಸೊಸೆ ಮೋಟಾರಿನ ಸ್ವಿಚ್ಚಿನ ಪೆಟ್ಟಿಗೆಗೆ ಬೀಗ ಹಾಕಿ ಕೀಲಿಯನ್ನು ತಾವೇ ಇಟ್ಟುಕೊಂಡಿದ್ದಾರೆ. ಕುಡಿಯಲು, ಪೂಜೆಗೆ, ದನಗಳಿಗೆ ಊರೊಳಗಿನ ನಲ್ಲಿಯಿಂದ ಬಂಡಿಯಲ್ಲಿ ಕೊಡ ಹೇರಿ ನೀರು ಬರುತ್ತಿದೆ.